ಕಂಬದ ಮೇಲಿನ ಪೆಟ್ಟಿಗೆ

ಕಬ್ಬಾಳು ದುರ್ಗಕ್ಕೆ ಕಾವಲುಗಾರರ ಅಗತ್ಯ ಅಷ್ಟಾಗಿ ಇರಲಿಲ್ಲ. ಕನಕಪುರದಿಂದ ಸಾತನೂರಿನ ಕಡೆಗೆ ಹೊರಟ ಪ್ರಯಾಣಿಕನಿಗೆ ಬಹು ದೂರದಿಂದಲೇ ಗೋಚರಿಸುವ ಆ ಬೆಟ್ಟ, ನೆಲವನ್ನು ಸೀಳಿಕೊಂಡು ಮೇಲೆದ್ದ ಒಂದೇ ಬಂಡೆಯಂತಿದೆ. ಹತ್ತುವುದು ಕಷ್ಟ, ಕಾಣದಂತೆ ಇಳಿಯುವುದು ಇನ್ನೂ ಕಷ್ಟ. ಬೆಟ್ಟದ ಈ ಗುಣ ಮೈಸೂರಿನ ಆಳರಸರಿಗೆ ಚೆನ್ನಾಗಿ ತಿಳಿದಿತ್ತು. ಆದ್ದರಿಂದಲೇ ಅದು ಸೆರೆಮನೆಯಾಯಿತು. 1732ರಲ್ಲಿ ಪಟ್ಟವೇರಿದ ಚಾಮರಾಜ ಒಡೆಯರು ಎರಡೇ ವರ್ಷಗಳಲ್ಲಿ ತಮ್ಮ ದಳವಾಯಿಗಳಿಂದಲೇ ಪದಚ್ಯುತರಾಗಿ, 1734ರಲ್ಲಿ ಈ ದುರ್ಗವನ್ನು ಸೇರಿ, ಇಲ್ಲಿಯೇ ಕಣ್ಣು ಮುಚ್ಚಿದರು. ಅರಸನನ್ನೇ ಕಾದ ಬೆಟ್ಟ ಅದು. ಕಾವಲಿನ ಕೆಲಸದಲ್ಲಿ ಅದಕ್ಕಿರುವಷ್ಟು ಅನುಭವ ಬೇರೆ ಬೆಟ್ಟಗಳಿಗಿರುವುದು ಅಪರೂಪವೇ ಸರಿ.

ಬೆಟ್ಟದ ಬುಡದಲ್ಲಿ ಕಬ್ಬಾಳಮ್ಮ ನೆಲೆಸಿದ್ದಾಳೆ. ಈ ಸೀಮೆಯ ಒಕ್ಕಲುಮಕ್ಕಳಿಗೆ ಆಕೆ ತಾಯಿಯೂ ಹೌದು, ನ್ಯಾಯಾಧೀಶಳೂ ಹೌದು. ಹಟ್ಟಿಯ ಕುರಿ ಕಾಣೆಯಾದರೆ, ತೋಟದ ತೆಂಗಿನಕಾಯಿ ರಾತ್ರೋರಾತ್ರಿ ಇಳಿದುಹೋದರೆ, ಹಳೆಯ ಮೈಸೂರಿನ ಹಳ್ಳಿಗ ಪೋಲೀಸು ಠಾಣೆಗೆ ಹೋಗುವ ಮುಂಚೆ ಗ್ರಾಮದೇವತೆಯ ಮುಂದೆ ನಿಂತು ಮುಡಿಪು ಕಟ್ಟುತ್ತಿದ್ದ. ದೇವಿ ನೋಡಿರುತ್ತಾಳೆ ಎಂಬುದು ಅವನ ನಂಬಿಕೆ. ಸಾಕ್ಷಿ ಬೇಕಿರಲಿಲ್ಲ, ಭಯವೇ ಎಷ್ಟೋ ಸಲ ಕಳ್ಳನಿಂದ ಮಾಲನ್ನು ಹಿಂದಕ್ಕೆ ತರಿಸುತ್ತಿತ್ತು.

ಈಗ ಕಾಲ ಬದಲಾಗಿದೆ. ಮುಡಿಪು ನಿಂತಿಲ್ಲ, ಆದರೆ ಅದರ ಜೊತೆಗೆ ಕಂಬಗಳೂ ಬಂದಿವೆ. ಜನ ಸೇರುವ ದೇವಸ್ಥಾನ, ಬಸ್ಸು ನಿಲ್ಲುವ ವೃತ್ತ, ಹಾಲಿನ ಡೇರಿ, ಊರ ಬಾಗಿಲು—ಎಲ್ಲೆಡೆಯೂ ಕಬ್ಬಿಣದ ಒಂದು ಕಂಬ, ಕಂಬದ ಕೊರಳಿನಲ್ಲಿ ಎರಡು ಮೂರು ಕ್ಯಾಮೆರಾ. ಕರ್ನಾಟಕ ಸರ್ಕಾರ 2017ರಲ್ಲಿ ಮಾಡಿದ ಸಾರ್ವಜನಿಕ ಸುರಕ್ಷತಾ ಕಾಯ್ದೆ, ಒಮ್ಮೆಗೆ 100 ಮಂದಿ ಅಥವಾ ದಿನವೊಂದಕ್ಕೆ 500 ಮಂದಿ ಸೇರುವ ಸ್ಥಳಗಳಲ್ಲೆಲ್ಲ ಕ್ಯಾಮೆರಾ ಇಟ್ಟು, ಅದರ ಚಿತ್ರಗಳನ್ನು 30 ದಿನ ಕಾಪಾಡಬೇಕೆಂದು ವಿಧಿಸಿದೆ. ಪೂಜಾಸ್ಥಳಗಳೂ ಆ ಪಟ್ಟಿಯಿಂದ ಹೊರತಲ್ಲ. ಹೀಗೆ, ಕಾಣುವ ಕೆಲಸದಲ್ಲಿ ದೇವಿಗೆ ಒಬ್ಬ ಜೊತೆಗಾರ ದೊರಕಿದ್ದಾನೆ ಎನ್ನಬಹುದು.

ದಾರಿಹೋಕರೆಲ್ಲ ಕ್ಯಾಮೆರಾದ ಕಡೆಗೆ ನೋಡುತ್ತಾರೆ. ಕೆಲವರು ತಲೆಗೂದಲು ಸರಿಪಡಿಸಿಕೊಳ್ಳುವುದೂ ಉಂಟು. ಆದರೆ ಅದರ ಕೆಳಗೆ, ಆಳೆತ್ತರಕ್ಕಿಂತ ಸ್ವಲ್ಪ ಮೇಲೆ, ಬೂದುಬಣ್ಣದ ಒಂದು ಪೆಟ್ಟಿಗೆ ಕಂಬವನ್ನು ತಬ್ಬಿಕೊಂಡಿರುತ್ತದೆ. ಅದನ್ನು ಯಾರೂ ನೋಡುವುದಿಲ್ಲ. ಕಣ್ಣಿಗೆ ಹೊಗಳಿಕೆ ಸಲ್ಲುತ್ತದೆಯೇ ಹೊರತು ಕಣ್ಣಿನ ಹಿಂದಿನ ನರಕ್ಕೆ ಸಲ್ಲುವುದಿಲ್ಲವಷ್ಟೆ. ಆ ಪೆಟ್ಟಿಗೆಯೊಳಗೆ ಇರುವುದೇ ಸ್ವಿಚ್ಚು.

ಸ್ವಿಚ್ಚು ಎಂದೊಡನೆ ಗೋಡೆಯ ಮೇಲಿನ ಗುಂಡಿ ನೆನಪಿಗೆ ಬರುವುದು ಸಹಜ. ಒತ್ತಿದರೆ ದೀಪ, ಮತ್ತೆ ಒತ್ತಿದರೆ ಕತ್ತಲೆ. ಇದು ಆ ಜಾತಿಯದಲ್ಲ. ಒಂದು ಊರಿನ ಸುದ್ದಿ ಇನ್ನೊಂದು ಊರಿಗೆ ಮುಟ್ಟುವುದಕ್ಕೆ ಎರಡು ದಾರಿಗಳಿವೆ. ತಮಟೆ ಹೊಡೆದು ಡಂಗುರ ಸಾರಿದರೆ ಬೇಕಾದವರಿಗೂ ಬೇಡವಾದವರಿಗೂ ಸುದ್ದಿ ತಲಪುತ್ತದೆ. ಇಬ್ಬರು ಒಟ್ಟಿಗೆ ಸಾರಿದರಂತೂ ಯಾವುದೂ ತಿಳಿಯದು. ಅಂಚೆಯವನ ರೀತಿ ಬೇರೆ. ಪ್ರತಿ ಲಕೋಟೆಯ ವಿಳಾಸವನ್ನು ಓದಿ, ಆಯಾ ಮನೆಯ ಬಾಗಿಲಿಗೆ ಮಾತ್ರ ಕೊಟ್ಟು ಹೋಗುತ್ತಾನೆ. ಕಂಪ್ಯೂಟರುಗಳನ್ನು ಜೋಡಿಸುವ ಈಥರ್ನೆಟ್ ಎಂಬ ವ್ಯವಸ್ಥೆ 1973ರಲ್ಲಿ ಅಮೆರಿಕದ ಝೆರಾಕ್ಸ್ ಕಂಪನಿಯ ಪ್ರಯೋಗಾಲಯದಲ್ಲಿ, ರಾಬರ್ಟ್ ಮೆಟ್ಕಾಫ್ ಅವರ ಕಲ್ಪನೆಯಲ್ಲಿ ಹುಟ್ಟಿದಾಗ ಅದು ಡಂಗುರದ ಪದ್ಧತಿಯದೇ ಆಗಿತ್ತು. ಅದನ್ನು ಅಂಚೆಯ ಪದ್ಧತಿಗೆ ತಿರುಗಿಸಿದ ಉಪಕರಣವೇ ಸ್ವಿಚ್ಚು.

ಕಲ್ಪನೆಯೆಂಬ ಮಾತು ಬಂದುದರಿಂದ ಇಲ್ಲಿ ಒಂದು ಸ್ವಾರಸ್ಯವನ್ನು ಹೇಳದೆ ಮುಂದೆ ಹೋಗುವಂತಿಲ್ಲ. 1990ರಲ್ಲಿ ಏಳು ದ್ವಾರಗಳ ಮೊಟ್ಟಮೊದಲ ಈಥರ್ನೆಟ್ ಸ್ವಿಚ್ಚನ್ನು ಮಾರುಕಟ್ಟೆಗೆ ತಂದ ಕ್ಯಾಲಿಫೋರ್ನಿಯದ ಕಂಪನಿಯ ಹೆಸರೇ ಕಲ್ಪನಾ. ಅದನ್ನು ಕಟ್ಟಿದವರಿಬ್ಬರಲ್ಲಿ ಒಬ್ಬರಾದ ಭಾರತೀಯ ಮೂಲದ ವಿನೋದ್ ಭಾರದ್ವಾಜ್, ತಮ್ಮ ಮಡದಿಯ ಹೆಸರನ್ನು ಕಂಪನಿಗೆ ಇಟ್ಟಿದ್ದರು. 1994ರಲ್ಲಿ ಸಿಸ್ಕೋ ಎಂಬ ದೊಡ್ಡ ಕಂಪನಿ ಅದನ್ನು ಕೊಂಡುಕೊಂಡಿತು, ಹೆಸರು ಮರೆಯಾಯಿತು. ಕಲ್ಪನಾ ಎಂದರೆ ಮಿನುಗುತಾರೆಯೊಬ್ಬಳನ್ನೇ ನೆನೆಯುವ ಕನ್ನಡಿಗರಿಗೆ, ಲೋಕದ ಸುದ್ದಿಯೆಲ್ಲ ಹರಿದುಹೋಗುವ ಯಂತ್ರದ ತೊಟ್ಟಿಲಲ್ಲಿಯೂ ಅದೇ ಹೆಸರಿತ್ತೆಂಬುದು ಸಂತೋಷದ ಸಂಗತಿಯೇ.

ತಣ್ಣನೆಯ ಕಚೇರಿಯಲ್ಲಿ, ಮೇಜಿನ ಮೂಲೆಯಲ್ಲಿ ಕುಳಿತಿರುವ ಸ್ವಿಚ್ಚಿಗೆ ಯಾವ ತೊಂದರೆಯೂ ಇಲ್ಲ. ಅದರ ತಯಾರಕರು 0ಯಿಂದ 40 ಡಿಗ್ರಿಯವರೆಗಿನ ಉಷ್ಣಾಂಶಕ್ಕೆ ಜವಾಬ್ದಾರರು. ಆ ಮಗುವನ್ನೇ ಕರೆತಂದು ಕಬ್ಬಾಳಿನ ಬಂಡೆಯ ಬುಡದಲ್ಲಿ ಏಪ್ರಿಲ್ ತಿಂಗಳ ಬಿಸಿಲಿಗೆ ಕಟ್ಟಿದರೆ ಗತಿಯೇನು? ಹಗಲೆಲ್ಲ ಕಾದ ಬಂಡೆ ಸಂಜೆಯವರೆಗೂ ಝಳವನ್ನು ಉಗುಳುತ್ತಿರುತ್ತದೆ. ಹೊರಗೆ 37–38 ಡಿಗ್ರಿಯಿದ್ದರೆ ಮುಚ್ಚಿದ ತಗಡಿನ ಪೆಟ್ಟಿಗೆಯ ಒಳಗೆ 60ನ್ನು ಮುಟ್ಟುವುದು ಅತಿಶಯವೇನಲ್ಲ. ಯಂತ್ರದೊಳಗೆ ಕೆಪಾಸಿಟರ್ ಎಂಬ ಪುಟ್ಟ ಡಬ್ಬಿಗಳಿವೆ. ಅವುಗಳಲ್ಲಿ ಒಂದು ಬಗೆಯ ದ್ರವವಿದೆ. ಕಾವು ಪ್ರತಿ 10 ಡಿಗ್ರಿ ಏರಿದಂತೆ ಅವುಗಳ ಆಯುಸ್ಸು ಅರ್ಧಕ್ಕೆ ಇಳಿಯುತ್ತದೆಂಬುದು ಇಂಜಿನಿಯರುಗಳ ಸ್ಥೂಲವಾದ ಲೆಕ್ಕ. 105 ಡಿಗ್ರಿಯಲ್ಲಿ 2,000 ಗಂಟೆ ಬಾಳುವುದೆಂದು ಬರೆದಿರುವ ಡಬ್ಬಿ 65 ಡಿಗ್ರಿಯಲ್ಲಿ ಮೂರೂವರೆ ವರ್ಷಕ್ಕೆ ಮೇಲ್ಪಟ್ಟು ಬಾಳೀತು. 85 ಡಿಗ್ರಿಯಲ್ಲಿ ಹನ್ನೊಂದು ತಿಂಗಳು. ಒಂದು ಜಾತ್ರೆಗೆ ಕಟ್ಟಿದ್ದು ಮುಂದಿನ ಜಾತ್ರೆಯ ಹೊತ್ತಿಗೆ ಮುಗಿದಿರುತ್ತದೆ!

ಹೊರಗಿನ ಬಾಳಿಗೆಂದೇ ಬೇರೊಂದು ಜಾತಿಯ ಸ್ವಿಚ್ಚನ್ನು ತಯಾರಿಸುತ್ತಾರೆ. ಅದರ ಮೈ ಎರಕದ ಲೋಹದ್ದು. ಬೆನ್ನಿನ ಮೇಲೆ ಮೀನಿನ ರೆಕ್ಕೆಯಂತಹ ಏಣುಗಳು. ಒಳಗಿನ ಕಾವು ಆ ಏಣುಗಳ ಮೂಲಕ ಗಾಳಿಗೆ ಸೇರುತ್ತದೆ. ಬೀಸಣಿಗೆಯಿಲ್ಲ, ಆದ್ದರಿಂದ ಧೂಳು ಸೇದುವುದಿಲ್ಲ. ಶೂನ್ಯಕ್ಕಿಂತ 40 ಡಿಗ್ರಿ ಕೆಳಗಿನ ಹಿಮದಿಂದ 75 ಡಿಗ್ರಿಯ ಬೇಗೆಯವರೆಗೆ ದುಡಿಯುವುದೆಂದು ಅದರ ಮೇಲೆ ಬರೆದಿರುತ್ತದೆ. ಹಿಮದ ಭಾಗ ಕನಕಪುರದವರಿಗೆ ಬೇಕಿಲ್ಲ. ಬೇಗೆಯ ಭಾಗ ಬೇಕು. ಬೆಲೆ ಮಾತ್ರ ಕಚೇರಿಯ ಸ್ವಿಚ್ಚಿನ ಹಲವು ಪಟ್ಟು. ಗೊಂದಲವೆಲ್ಲ ಹುಟ್ಟುವುದು ಅಲ್ಲಿಯೇ.

ಕ್ಯಾಮೆರಾಗಳನ್ನು ಕಟ್ಟುವ, ಕೆಟ್ಟಾಗ ರಿಪೇರಿ ಮಾಡುವ ಯುವಕ ಈಗ ಎಲ್ಲ ತಾಲ್ಲೂಕುಗಳಲ್ಲಿಯೂ ಇದ್ದಾನೆ. ಅವನ ಹೆಸರೇನಾದರೂ ಇರಲಿ, ಊರವರಿಗೆ ಅವನು ‘ಕ್ಯಾಮೆರಾದವನು’. ಐ.ಟಿ.ಐ.ಯಲ್ಲಿ ಕಲಿತದ್ದು ಸ್ವಲ್ಪ, ಕಂಬ ಹತ್ತಿ ಕಲಿತದ್ದು ಬಹಳ. ಮೋಟಾರು ಸೈಕಲ್ಲಿನ ಹಿಂದೆ ಅಲ್ಯೂಮಿನಿಯಮ್ ಏಣಿ, ಹೆಗಲಿಗೆ ಚೀಲ, ಚೀಲದಲ್ಲಿ ತಂತಿಯ ತುದಿಗೆ ಕನೆಕ್ಟರನ್ನು ಕಚ್ಚಿಸುವ ಇಕ್ಕಳ. ಈ ಪೆಟ್ಟಿಗೆಯ ಶತ್ರುಗಳನ್ನು ಅವನಷ್ಟು ಬಲ್ಲವರು ಬೇರೊಬ್ಬರಿಲ್ಲ.

ಮಳೆಯೇ ಮೊದಲ ಶತ್ರುವೆಂದು ಜನ ತಿಳಿಯುತ್ತಾರೆ. ನಿಜಕ್ಕೂ ನೇರವಾಗಿ ಸುರಿಯುವ ಮಳೆಯನ್ನು ತಡೆಯುವುದು ಸುಲಭ. ಐ.ಪಿ. 67 ಎಂಬ ಮುದ್ರೆಯಿರುವ ಪೆಟ್ಟಿಗೆ ಧೂಳಿನ ಕಣವನ್ನೂ ಒಳಗೆ ಬಿಡದು, ಒಂದು ಮೀಟರು ಆಳದ ನೀರಿನಲ್ಲಿ ಅರ್ಧ ಗಂಟೆ ಮುಳುಗಿಸಿದರೂ ಅದಕ್ಕೆ ತೊಂದರೆಯಾಗದು. ಆದರೆ ಮಳೆ ಬರುವ ಬಗೆ ಬೇರೆ. ಮಧ್ಯಾಹ್ನವೆಲ್ಲ ಕಾದ ಪೆಟ್ಟಿಗೆಯ ಮೇಲೆ ನಾಲ್ಕು ಗಂಟೆಗೆ ಮುಂಗಾರುಪೂರ್ವದ ಒಂದು ಅಡ್ಡಮಳೆ ಬೀಳುತ್ತದೆ. ಒಳಗಿನ ಬಿಸಿಗಾಳಿ ಥಟ್ಟನೆ ತಣಿದು ಕುಗ್ಗುತ್ತದೆ. ಕುಗ್ಗಿದ ಗಾಳಿ ಹೊರಗಿನ ತೇವವನ್ನು ರಬ್ಬರಿನ ಸಂದುಗಳ ಮೂಲಕ ಒಳಕ್ಕೆ ಹೀರುತ್ತದೆ. ಪೆಟ್ಟಿಗೆ ತಾನೇ ಬಾಯಾರಿ ನೀರು ಕುಡಿಯುತ್ತದೆ ಎಂದರೂ ಸಲ್ಲುತ್ತದೆ. ಒಳ್ಳೆಯ ಪೆಟ್ಟಿಗೆಗಳಿಗೆ ಗಾಳಿಯನ್ನು ಮಾತ್ರ ಬಿಟ್ಟು ನೀರನ್ನು ತಡೆಯುವ ಒಂದು ಪೊರೆಯನ್ನು ಇಟ್ಟಿರುತ್ತಾರೆ. ಅದು ಇಲ್ಲದಿದ್ದಲ್ಲಿ ಕ್ಯಾಮೆರಾದವನು ತನ್ನ ಉಪಾಯಗಳನ್ನು ಮಾಡುತ್ತಾನೆ: ತಂತಿಯನ್ನು ಮೇಲಿನಿಂದ ಒಳಕ್ಕೆ ತರದೆ, ಪೆಟ್ಟಿಗೆಗಿಂತ ಕೆಳಕ್ಕೆ ಇಳಿಬಿಟ್ಟು, ಮತ್ತೆ ಮೇಲಕ್ಕೆ ತಿರುಗಿಸಿ ತಳದ ತೂತಿನಿಂದ ಸೇರಿಸುತ್ತಾನೆ. ತಂತಿಯ ಮೇಲೆ ಹರಿದು ಬಂದ ನೀರು ಬಳುಕಿನ ತುದಿಯಲ್ಲಿ ತೊಟ್ಟಿಕ್ಕಿ ಹೋಗುತ್ತದೆ. ಒಂದು ಗೇಣು ತಂತಿ ಹೆಚ್ಚು ಖರ್ಚಾಗುತ್ತದೆ, ಅಷ್ಟೆ. ಅದನ್ನೂ ಉಳಿಸುವ ಕಂಟ್ರಾಕ್ಟುದಾರರಿದ್ದಾರೆಂಬುದು ಕಂಬಗಳನ್ನು ಕಣ್ಣೆತ್ತಿ ನೋಡಿದವರಿಗೆ ಗೊತ್ತು.

ಇರುವೆ, ಹಲ್ಲಿ, ಕೋತಿಗಳನ್ನು ಕುರಿತು ಒಂದು ಪುರಾಣವನ್ನೇ ಬರೆಯಬಹುದು. ಬೆಚ್ಚಗಿನ ಪೆಟ್ಟಿಗೆ ಇರುವೆಗೆ ಅರಮನೆ. ಕೋತಿಗೆ ತಂತಿಯೆಂದರೆ ಉಯ್ಯಾಲೆ. ಇನ್ನು ಆನೆಯ ಮಾತು. ಒಂದು ಕಡೆ ಬನ್ನೇರುಘಟ್ಟ, ಇನ್ನೊಂದು ಕಡೆ ಕಾವೇರಿ ವನ್ಯಧಾಮ. ನಡುವೆ ಕನಕಪುರ, ಚನ್ನಪಟ್ಟಣಗಳ ರಾಗಿ, ಬಾಳೆ, ಮಾವು. ಆನೆಗಳು ಈ ಹೊಲಗಳಿಗೆ ಬರುವುದು ಹೊಸ ಸುದ್ದಿಯಲ್ಲ. ಅದರಿಂದ ಬೆಳೆಯೂ ಹೋಗಿದೆ, ಪ್ರಾಣಗಳೂ ಹೋಗಿವೆ. ಕಾಡಂಚಿನ ಕ್ಯಾಮೆರಾ ಆನೆಯನ್ನು ಮೊದಲೇ ಕಂಡು ಊರಿಗೆ ತಿಳಿಸಿದರೆ ದೊಡ್ಡ ಉಪಕಾರವೇ. ಆದರೆ ಕಂಬವೂ ಒಂದು ಮರವೇ ಎಂದು ಭಾವಿಸಿ ಆನೆ ಮೈ ಉಜ್ಜಲು ನಿಂತರೆ, ಎಷ್ಟೇ ಗಟ್ಟಿ ಸ್ವಿಚ್ಚಾದರೂ ಮಾಡುವುದೇನು? ಐ.ಪಿ. ಎಂಬ ಅಂಕೆಯನ್ನು ನಿಶ್ಚಯಿಸಿದ ವಿದ್ವಾಂಸರು ಆನೆಯನ್ನು ಲೆಕ್ಕಕ್ಕೆ ತೆಗೆದುಕೊಂಡಂತೆ ಕಾಣುವುದಿಲ್ಲ.

ಸಿಡಿಲಿನ ವಿಷಯದಲ್ಲಿ ಮಾತ್ರ ಹಾಸ್ಯಕ್ಕೆ ಎಡೆಯಿಲ್ಲ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಸಿಡಿಲು ಕಂಬಕ್ಕೇ ಹೊಡೆಯಬೇಕೆಂದಿಲ್ಲ. ಫರ್ಲಾಂಗು ದೂರದ ತೆಂಗಿನ ಮರಕ್ಕೆ ಹೊಡೆದರೂ ಸಾಕು, ಉದ್ದವಾದ ತಾಮ್ರದ ತಂತಿ ಅದರ ಅಬ್ಬರವನ್ನು ಹಿಡಿದು ಪೆಟ್ಟಿಗೆಗೆ ತಂದು ಸುರಿಯುತ್ತದೆ. ಅದನ್ನು ನೆಲಕ್ಕೆ ಇಳಿಸಬೇಕು. ಗುಂಡಿ ತೋಡಿ, ಕೊಳವೆ ಹೂತು, ಇದ್ದಿಲು ಉಪ್ಪು ತುಂಬಿ, ಬೇಸಗೆಯಲ್ಲಿ ನೀರು ಹೊಯ್ದು ತಂಪಾಗಿಡುವ ‘ಅರ್ತಿಂಗ್’ ಎಲ್ಲರೂ ಬಲ್ಲ ಉಪಾಯ. ಆದರೆ ಈ ಸೀಮೆಯಲ್ಲಿ ನೆಲವೆಲ್ಲಿದೆ? ಎರಡು ಮೊಳ ಅಗೆದರೆ ಕಣಶಿಲೆ. ಒಣಗಿದ ಕಲ್ಲು ವಿದ್ಯುತ್ತನ್ನು ಒಲ್ಲದು. ರಾಮನಗರ ಜಿಲ್ಲೆ 2025ರಲ್ಲಿ ಬೆಂಗಳೂರು ದಕ್ಷಿಣವೆಂಬ ಹೆಸರನ್ನು ಪಡೆಯಿತು. ಹೆಸರು ಬದಲಾಯಿಸಿದಷ್ಟು ಸುಲಭವಾಗಿ ಬಂಡೆಯನ್ನು ಬದಲಾಯಿಸಲಾಗದು. ಸೆರೆಯಾಳುಗಳನ್ನು ಬಿಡದೆ ಹಿಡಿದಿಟ್ಟ ಅದೇ ಕಲ್ಲು ಈಗ ಸಿಡಿಲನ್ನು ಒಳಗೆ ಬಿಟ್ಟುಕೊಳ್ಳಲು ಒಪ್ಪುವುದಿಲ್ಲ! ಆದ್ದರಿಂದ ತಿಳಿದವರು ಕಂಬದಿಂದ ಕಂಬಕ್ಕೆ ತಾಮ್ರವನ್ನು ಎಳೆಯುವುದೇ ಇಲ್ಲ. ಕೂದಲೆಳೆಯಂತಹ ಗಾಜಿನ ನಾರನ್ನು ಎಳೆಯುತ್ತಾರೆ. ಅದರಲ್ಲಿ ಹರಿಯುವುದು ಬೆಳಕು. ಗಾಜಿನ ಮೂಲಕ ಸಿಡಿಲು ದಾಟಲಾರದು. ಒಂದು ಕಂಬಕ್ಕೆ ಬಡಿದ ಪೆಟ್ಟು ಆ ಕಂಬದಲ್ಲಿಯೇ ಮುಗಿಯುತ್ತದೆ. ಗಟ್ಟಿ ಸ್ವಿಚ್ಚುಗಳಲ್ಲಿ ಗಾಜಿನ ನಾರಿಗೆಂದೇ ಎರಡು ದ್ವಾರಗಳಿರುವುದು ಈ ಕಾರಣದಿಂದ. ಎರಡೇಕೆಂದರೆ, ಕಂಬಗಳನ್ನು ಹಾರದಂತೆ ಸುತ್ತಿ ಜೋಡಿಸಬಹುದು. ರಸ್ತೆ ಅಗೆಯುವ ಜೆ.ಸಿ.ಬಿ. ಒಂದು ಕಡೆ ನಾರನ್ನು ತುಂಡರಿಸಿದರೆ ಚಿತ್ರಗಳು ಹಿಂದುಮುಂದಾಗಿ ಇನ್ನೊಂದು ದಾರಿಯಿಂದ ಹರಿಯುತ್ತವೆ. ಸೆಕೆಂಡಿನ ಇಪ್ಪತ್ತರಲ್ಲಿ ಒಂದು ಪಾಲಿನೊಳಗೆ ಈ ತಿರುವು ಮುಗಿದಿರುತ್ತದೆ. ರೆಪ್ಪೆ ಮಿಟುಕಿಸುವುದಕ್ಕೂ ಅದಕ್ಕಿಂತ ಹೆಚ್ಚು ಹೊತ್ತು ಬೇಕು.

ಇಷ್ಟೆಲ್ಲ ಶತ್ರುಗಳಿದ್ದರೂ ಹೆಚ್ಚು ಪೆಟ್ಟಿಗೆಗಳು ಸೋಲುವುದು ಬೇರೊಂದು ಕಡೆ, ಲೆಕ್ಕದಲ್ಲಿ. ಈ ಸ್ವಿಚ್ಚು ಕ್ಯಾಮೆರಾಗಳಿಂದ ಚಿತ್ರವನ್ನು ತೆಗೆದುಕೊಳ್ಳುವುದಷ್ಟೇ ಅಲ್ಲ, ಅದೇ ತಂತಿಯಲ್ಲಿ ಅವುಗಳಿಗೆ ವಿದ್ಯುತ್ತನ್ನೂ ಉಣಿಸುತ್ತದೆ. 2003ರಲ್ಲಿ ಈ ಏರ್ಪಾಟಿಗೆ ಮೊದಲ ನಿಯಮಾವಳಿ ಬಂದಾಗ ಒಂದು ದ್ವಾರಕ್ಕೆ 15.4 ವ್ಯಾಟ್ ಎಂದು ಗೊತ್ತುಮಾಡಿದ್ದರು. 2009ರಲ್ಲಿ ಅದು 30 ಆಯಿತು, 2018ರಲ್ಲಿ 90. ತಂತಿಯ ಉದ್ದ ಮಾತ್ರ 100 ಮೀಟರನ್ನು ಮೀರುವಂತಿಲ್ಲ. ಈಗ ಒಂದು ಊರಿನ ಸ್ವಿಚ್ಚಿಗೆ ಎಂಟು ಕ್ಯಾಮೆರಾಗಳನ್ನು ಕಟ್ಟಿದ್ದಾರೆಂದೂ, ಸ್ವಿಚ್ಚಿನ ಒಟ್ಟು ಶಕ್ತಿ 60 ವ್ಯಾಟ್ ಎಂದೂ ಇಟ್ಟುಕೊಳ್ಳಿ. ಹಗಲಿನಲ್ಲಿ ಪ್ರತಿಯೊಂದು ಕ್ಯಾಮೆರಾ 5 ವ್ಯಾಟ್ ಬೇಡುತ್ತದೆ; ಒಟ್ಟು 40. ಪರೀಕ್ಷಿಸಲು ಬಂದ ಅಧಿಕಾರಿಗಳು ಹಗಲಿನಲ್ಲಿಯೇ ಬರುತ್ತಾರಾದ್ದರಿಂದ ಎಲ್ಲವೂ ಸೊಗಸಾಗಿ ಕಾಣುತ್ತದೆ. ಹೂಮಾಲೆ, ಭಾಷಣ, ಕಾಫಿ. ಕತ್ತಲಾದೊಡನೆ ಕ್ಯಾಮೆರಾಗಳು ಕಣ್ಣಿಗೆ ಕಾಣದ ಅವಗೆಂಪು ದೀಪಗಳನ್ನು ಹೊತ್ತಿಸಿಕೊಳ್ಳುತ್ತವೆ. ಆಗ ಒಂದೊಂದಕ್ಕೂ 12 ವ್ಯಾಟ್ ಬೇಕು, ಒಟ್ಟು 96. ಬಡಪಾಯಿ ಸ್ವಿಚ್ಚು ತನ್ನ ಕೈಲಾದಷ್ಟು ಬಾಯಿಗಳಿಗೆ ಉಣಿಸಿ ಉಳಿದವನ್ನು ಉಪವಾಸ ಕೆಡವುತ್ತದೆ.

ಊರಿನ ಹಿರಿಯನೊಬ್ಬ ಕ್ಯಾಮೆರಾದವನನ್ನು ಅರಳಿಕಟ್ಟೆಯ ಬಳಿ ನಿಲ್ಲಿಸಿ ಕೇಳುತ್ತಾನೆ:

‘ಏನಪ್ಪಾ ಮಗ, ನಿನ್ ಕ್ಯಾಮ್ರ ಹಗ್ಲೆಲ್ಲ ನೋಡಿ ರಾತ್ರಿ ನಿದ್ದೆ ಮಾಡ್ತದಂತಲ್ಲ?’

‘ನಿದ್ದೆ ಅಲ್ಲ ಯಜಮಾನ್ರೇ, ಕರೆಂಟು ಸಾಲ್ದೆ ಕಣ್ಣು ಮುಚ್ಕೊತದೆ.’

‘ಕಳ್ಳಂಗೂ ಆ ಹೊತ್ತೇ ಅಲ್ವೇನಪ್ಪ ಬೇಕಾಗಿರೋದು!’

ಯಜಮಾನನ ಮಾತಿಗೆ ಯಾವ ತಾಂತ್ರಿಕ ಗ್ರಂಥದಲ್ಲಿಯೂ ಉತ್ತರವಿಲ್ಲ. ಲೆಕ್ಕವನ್ನು ರಾತ್ರಿಯ ಹಸಿವಿಗೆ ಹಾಕಬೇಕೇ ಹೊರತು ಹಗಲಿನ ಹಸಿವಿಗಲ್ಲ. ಕೊಟೇಶನ್ ಕರೆಯುವಾಗ ‘ಎಂಟು ದ್ವಾರದ ಸ್ವಿಚ್ಚು—ಒಂದು’ ಎಂದು ಮಾತ್ರ ಬರೆದರೆ ಅತಿ ಕಡಿಮೆ ಬೆಲೆಯ ಎಂಟು ದ್ವಾರದ ಸ್ವಿಚ್ಚೇ ಬರುತ್ತದೆ; ಅದು ಬಂದುದಕ್ಕೆ ಯಾರನ್ನೂ ದೂರುವಂತಿಲ್ಲ. ಎಷ್ಟು ಡಿಗ್ರಿ, ಎಷ್ಟು ವ್ಯಾಟ್, ಸಿಡಿಲಿಗೆ ಏನು ರಕ್ಷೆ, ಕೆಟ್ಟರೆ ಎಷ್ಟು ದಿನದಲ್ಲಿ ಬೇರೆ ಕೊಡುತ್ತೀರಿ—ಈ ನಾಲ್ಕು ಮಾತು ಆ ಕಾಗದದಲ್ಲಿರಬೇಕು. ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ ಎಂಬುದನ್ನು ಎಲ್ಲರೂ ಕೇಳುತ್ತಾರೆ, ಇವನ್ನು ಕೇಳುವವರಿಲ್ಲ. ಮದುವೆಯಲ್ಲಿ ವರನ ಬಣ್ಣವನ್ನು ವಿಚಾರಿಸಿ ಎದೆಯ ರೋಗವನ್ನು ವಿಚಾರಿಸದಂತೆ.

ಇದರಿಂದ ಯಾರಿಗೆ ನಷ್ಟ? ದೊಡ್ಡವರಿಗೆ ಅಷ್ಟಾಗಿ ಇಲ್ಲ. ದೊಡ್ಡವರಿಗೆ ಬೇರೆ ಸಾಕ್ಷಿಗಳಿರುತ್ತವೆ, ವಕೀಲರಿರುತ್ತಾರೆ. ಎರಡು ಕುರಿ, ಒಂದು ಮೇಕೆಯನ್ನು ಸಾಕಿಕೊಂಡು ಬಾಳುವ ಮುದುಕಿಯೊಬ್ಬಳು, ಬೆಳಗಾಗ ಹಟ್ಟಿ ಬರಿದಾದುದನ್ನು ಕಂಡು ಪಂಚಾಯಿತಿಯ ಬಾಗಿಲಿಗೆ ಬಂದು ನಿಲ್ಲುತ್ತಾಳೆ. ಯಾವ ಊರಿನಲ್ಲಾದರೂ ಈ ದೃಶ್ಯ ನಡೆಯಬಹುದು. ಕ್ಯಾಮೆರಾದವನನ್ನು ಕರೆಸುತ್ತಾರೆ. ಅವನು ಪರದೆಯ ಮೇಲೆ ಹಿಂದಿನ ರಾತ್ರಿಯನ್ನು ಓಡಿಸುತ್ತಾನೆ. ಹನ್ನೊಂದು ಗಂಟೆಗೆ ನಾಯಿಯೊಂದು ರಸ್ತೆ ದಾಟಿತು. ಹನ್ನೆರಡಕ್ಕೆ ಹಾಲಿನ ಡೇರಿಯ ಮುಂದೆ ಬರಿಯ ದೀಪ. ಆಮೇಲೆ ಪರದೆ ಕಪ್ಪು. ಮತ್ತೆ ಚಿತ್ರ ಮೂಡಿದಾಗ ಮುಂಜಾನೆ ಆರು ಗಂಟೆ. ಆ ಮುದುಕಿಯೇ ಗಾಬರಿಯಿಂದ ಓಡಾಡುತ್ತಿರುವುದು ಅದರಲ್ಲಿ ಕಾಣುತ್ತದೆ.

‘ಎಲ್ಲಪ್ಪಾ ಕಳ್ಳ?’ ಎನ್ನುತ್ತಾಳೆ ಆಕೆ.

‘ಆ ಹೊತ್ನಲ್ಲಿ ಕನೆಕ್ಷನ್ ಹೋಗಿತ್ತು ಕಣಜ್ಜಿ.’

‘ಕಬ್ಬಾಳಮ್ಮನ್ನ ಕೇಳಿದ್ರೆ ಮೂರು ವಾರ ಕಾಯಿ ಅಂತಾನಾದ್ರೂ ಹೇಳ್ತಾಳೆ. ನಿನ್ ಕಂಬ ಅದ್ನೂ ಹೇಳ್ನಿಲ್ವಲ್ಲೋ ಮಗ.’

ಕ್ಯಾಮೆರಾದವನು ತಲೆ ತಗ್ಗಿಸುತ್ತಾನೆ. ತಪ್ಪು ಅವನದಲ್ಲ, ಆದರೂ ಪೆಟ್ಟಿಗೆ ಕಟ್ಟಿದ ಕೈ ಅವನದು. ಕ್ಯಾಮೆರಾದೊಳಗೇ ಉಗುರಿನಷ್ಟು ಗಾತ್ರದ ಒಂದು ನೆನಪಿನ ಕಾರ್ಡನ್ನು ಇಟ್ಟಿದ್ದರೆ, ದಾರಿ ಕಡಿದಾಗಲೂ ಅದು ತನ್ನಲ್ಲಿಯೇ ಚಿತ್ರವನ್ನು ಬರೆದುಕೊಂಡಿರುತ್ತಿತ್ತು. ಆದರೆ ಸ್ವಿಚ್ಚು ವಿದ್ಯುತ್ತನ್ನೇ ನಿಲ್ಲಿಸಿದ ರಾತ್ರಿ ಕಾರ್ಡೂ ನಿದ್ರಿಸುತ್ತದೆ. ಒಂದು ಬ್ಯಾಟರಿ, ಎರಡು ಕಡೆಯಿಂದ ವಿದ್ಯುತ್ತನ್ನು ತೆಗೆದುಕೊಳ್ಳಬಲ್ಲ ಒಂದು ಗಟ್ಟಿ ಸ್ವಿಚ್ಚು—ಇಷ್ಟಿದ್ದರೆ ಮುದುಕಿಗೆ ಉತ್ತರ ಸಿಕ್ಕುತ್ತಿತ್ತು. ಅವೆರಡರ ಬೆಲೆಗಿಂತ ಆಕೆಯ ಕುರಿಗಳ ಬೆಲೆ ಕಡಿಮೆಯೇ ಇರಬಹುದು. ಆದರೆ ಆಕೆಗೆ ಇದ್ದ ಆಸ್ತಿ ಅವೇ.

ಚಿತ್ರ ಸಿಕ್ಕಿದರೂ ಕಥೆ ಅಲ್ಲಿಗೆ ಮುಗಿಯದು. 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಪ್ರಕರಣದಂತೆ, ಇಂತಹ ಚಿತ್ರವನ್ನು ನ್ಯಾಯಾಲಯ ಒಪ್ಪಬೇಕಾದರೆ ಅದರ ಜೊತೆಗೆ ಒಂದು ಪ್ರಮಾಣಪತ್ರ ಬೇಕು. ಚಿತ್ರವನ್ನು ಯಾರೂ ತಿದ್ದಿಲ್ಲವೆಂದು ತೋರಿಸುವ ಹ್ಯಾಶ್ ಎಂಬ ಒಂದು ಗುರುತು ಬೇಕು. ಕ್ಯಾಮೆರಾದ ಗಡಿಯಾರ ಇಪ್ಪತ್ತು ನಿಮಿಷ ಹಿಂದಿದ್ದರೆ ಪ್ರತಿವಾದಿಯ ವಕೀಲನಿಗೆ ಹಬ್ಬ. ಕಾವಲು ಬೇಕಾಗಿರುವುದು ಕಳ್ಳರ ಮೇಲೆ ಮಾತ್ರವಲ್ಲವೆಂಬುದನ್ನೂ ನ್ಯಾಯಾಲಯ ಹೇಳಿದೆ. 2020ರ ಡಿಸೆಂಬರ್ 2ರಂದು ಪರಮವೀರ್ ಸಿಂಗ್ ಸೈನಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ದೇಶದ ಪ್ರತಿಯೊಂದು ಪೋಲೀಸು ಠಾಣೆಯಲ್ಲಿಯೂ, ಲಾಕಪ್ಪಿನ ಒಳಗೂ ಹೊರಗೂ ಕ್ಯಾಮೆರಾ ಇರಬೇಕೆಂದು ಆಜ್ಞಾಪಿಸಿತು. ವಿದ್ಯುತ್ತಿಲ್ಲದ ಊರಾದರೆ ಸೂರ್ಯನಿಂದಲೋ ಗಾಳಿಯಿಂದಲೋ ವಿದ್ಯುತ್ತನ್ನು ಪಡೆಯಿರಿ, ಆದರೆ ಕಣ್ಣು ಮುಚ್ಚಬಾರದು ಎಂಬುದು ಆ ಆಜ್ಞೆಯ ಭಾವ. ಸೆರೆಯಲ್ಲಿದ್ದವನ ಮೇಲೆ ಏನು ನಡೆಯಿತೆಂಬುದಕ್ಕೆ ಸಾಕ್ಷಿಯಿರಬೇಕೆಂಬ ಈ ಮಾತನ್ನು ಕಬ್ಬಾಳು ದುರ್ಗದ ನೆರಳಿನಲ್ಲಿ ಓದಿದರೆ ಅದಕ್ಕೆ ಬೇರೆಯೇ ತೂಕ ಬರುತ್ತದೆ. 1734ರಲ್ಲಿ ಅಲ್ಲಿ ಅರಸನ ಕೊನೆಯ ದಿನಗಳನ್ನು ಕಂಡದ್ದು ಬಂಡೆ ಮಾತ್ರ.

ಇಷ್ಟು ಹೇಳಿದ ಮೇಲೆ ಪೆಟ್ಟಿಗೆಯ ಇನ್ನೊಂದು ಮುಖವನ್ನು ಮರೆಮಾಚುವುದು ನ್ಯಾಯವಲ್ಲ. ಸ್ವಿಚ್ಚನ್ನು ಅಂಚೆಯವನಿಗೆ ಹೋಲಿಸಿದ್ದಾಯಿತು. ಮೈಸೂರು ಸೀಮೆಯಲ್ಲಿ ಅಂಚೆಯನ್ನು ಏರ್ಪಡಿಸಿದವರು ಚಿಕ್ಕದೇವರಾಜ ಒಡೆಯರು. ಅವರ ಅಂಚೆ ಸುದ್ದಿಯನ್ನು ಸಾಗಿಸುವುದಕ್ಕೆ ಮಾತ್ರವಲ್ಲದೆ ಸುದ್ದಿಯನ್ನು ಸಂಗ್ರಹಿಸುವುದಕ್ಕೂ ಇತ್ತೆಂದು, ಅಂಚೆಯ ಅಧಿಕಾರಿಗಳು ಅರಮನೆಯ ಗುಪ್ತ ಕಿವಿಗಳಾಗಿದ್ದರೆಂದು ಮೈಸೂರಿನ ಚರಿತ್ರೆಯನ್ನು ಬರೆದ ವಿಲ್ಕ್ಸ್ ತಿಳಿಸಿದ್ದಾನೆ. ಓಲೆ ಹೊರುವವನು ಓಲೆಯನ್ನು ಓದಲೂಬಹುದು. ಕಂಬದ ಪೆಟ್ಟಿಗೆಗೆ ಬೀಗವಿಲ್ಲದಿದ್ದರೆ, ಅದರಲ್ಲಿ ಬಳಸದ ದ್ವಾರವೊಂದು ತೆರೆದಿದ್ದರೆ, ಅಂಗಡಿಯಿಂದ ಬಂದಾಗ ಇದ್ದ ಗುಪ್ತಪದವನ್ನೇ ಉಳಿಸಿಕೊಂಡಿದ್ದರೆ, ಒಂದು ಲ್ಯಾಪ್‌ಟಾಪನ್ನು ತಂದು ಜೋಡಿಸಿದ ಯಾರು ಬೇಕಾದರೂ ಊರಿನ ಹೆಂಗಸರು ನೀರಿಗೆ ಹೋಗುವ ಹೊತ್ತನ್ನೂ, ಯಾವ ಮನೆಯಲ್ಲಿ ಎಂದು ಬೀಗ ಬಿದ್ದಿದೆಯೆಂಬುದನ್ನೂ ನೋಡುತ್ತ ಕೂರಬಹುದು. ಕಳ್ಳನನ್ನು ಹಿಡಿಯಲು ಕಟ್ಟಿದ್ದು ಕಳ್ಳನಿಗೇ ದುರ್ಬೀನಾದರೆ! ಕೇಂದ್ರ ಸರ್ಕಾರವೂ ಈ ಭಯವನ್ನು ಮನಗಂಡು, 2025ರ ಏಪ್ರಿಲ್ 9ರಿಂದ ಮಾರಾಟಕ್ಕೆ ಬರುವ ಕ್ಯಾಮೆರಾಗಳು ಸುರಕ್ಷತೆಯ ಪರೀಕ್ಷೆಗೆ ಒಳಪಟ್ಟಿರಬೇಕೆಂದು ಕಡ್ಡಾಯ ಮಾಡಿತು. ಕ್ಯಾಮೆರಾಕ್ಕೆ ಪರೀಕ್ಷೆಯಾಯಿತು, ಪೆಟ್ಟಿಗೆಯ ಬಾಗಿಲಿಗೆ ಬೀಗ ಹಾಕುವ ಕೆಲಸ ಮಾತ್ರ ಊರಿನದೇ.

ಖಾಸಗಿ ಬದುಕು ಪ್ರಜೆಯ ಮೂಲಭೂತ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಒಕ್ಕೊರಲಿನಿಂದ ತೀರ್ಪಿತ್ತರು. ಆ ಮೊಕದ್ದಮೆಯನ್ನು ಹೂಡಿದವರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. ಆದ್ದರಿಂದ ಕಂಬದ ಕಣ್ಣು ರಸ್ತೆಯ ಕಡೆಗಿರಬೇಕು, ಮನೆಯ ಹಿತ್ತಲಿನ ಕಡೆಗಲ್ಲ. ಇದನ್ನು ಕ್ಯಾಮೆರಾದವನಿಗೆ ಯಾವ ನ್ಯಾಯಾಲಯವೂ ಹೇಳಿಕೊಡಬೇಕಾಗಿಲ್ಲ. ಕ್ಯಾಮೆರಾವನ್ನು ತಿರುಗಿಸಿ ಕಟ್ಟುವಾಗ ಎದುರು ಮನೆಯ ಬಚ್ಚಲು ಪರದೆಯಲ್ಲಿ ಕಂಡರೆ ಒಡನೆಯೇ ಕೆಳಗಿಳಿದು, ‘ಅಮ್ಮ, ಒಂಚೂರು ಪಕ್ಕಕ್ಕೆ ತಿರುಗ್ಸ್ತೀನಿ, ನಿಮ್ಮನೆ ಕಾಣಕಿಲ್ಲ’ ಎಂದು ಮನೆಯಾಕೆಗೆ ಹೇಳಿ ಮತ್ತೆ ಹತ್ತುತ್ತಾನೆ. ಅಷ್ಟು ಮರ್ಯಾದೆ ಹಳ್ಳಿಯಲ್ಲಿ ಇನ್ನೂ ಉಳಿದಿದೆ.

ಯುಗಾದಿ ಕಳೆದು ಮೊದಲ ಗುಡುಗು ಕೇಳುವುದಕ್ಕೆ ಮುಂಚೆ ಅವನಿಗೆ ಕೈತುಂಬ ಕೆಲಸ. ಒಂದೊಂದೇ ಕಂಬದ ಪೆಟ್ಟಿಗೆಯನ್ನು ತೆರೆದು, ರಬ್ಬರಿನ ಪಟ್ಟಿ ಬಿರಿದಿದ್ದರೆ ಬದಲಾಯಿಸುತ್ತಾನೆ. ಬಳಸದ ತೂತಿಗೆ ಬಿರಡೆ ಹಾಕುತ್ತಾನೆ. ಅರ್ತಿಂಗಿನ ಗುಂಡಿಗೆ ಎರಡು ಕೊಡ ನೀರು ಹೊಯ್ದು, ಅದು ಇಂಗುವವರೆಗೂ ನಿಂತು ನೋಡುತ್ತಾನೆ. ಕಾಡಿನ ಕಡೆಯ ಕಂಬದಲ್ಲಿ, ಸ್ವಿಚ್ಚಿನ ಲೋಹದ ಏಣುಗಳ ಸಂದಿನಲ್ಲಿ ಬಟಾಣಿ ಕಾಳಿಗಿಂತ ಸ್ವಲ್ಪ ದೊಡ್ಡದಾದ ಎರಡು ಬಿಳಿಯ ಮೊಟ್ಟೆಗಳು ಸಿಕ್ಕುತ್ತವೆ. ಹಲ್ಲಿ ಬೆಚ್ಚಗಿನ ಜಾಗವನ್ನು ಹುಡುಕಿಕೊಂಡಿದೆ. ಕೆಳಗೆ ಏಣಿಯನ್ನು ಹಿಡಿದು ನಿಂತ ಯಜಮಾನ, ‘ಒಡೀಬ್ಯಾಡ ಕಣಪ್ಪ, ಅಲ್ಲೆಲ್ಲಾರ ಇಡು’ ಎನ್ನುತ್ತಾನೆ. ಕ್ಯಾಮೆರಾದವನು ಅವನ್ನು ಜೋಪಾನವಾಗಿ ಬಿಡಿಸಿ, ಅಂಗೈಯಲ್ಲಿಟ್ಟು ಇಳಿದು, ಪಕ್ಕದ ಹುಣಿಸೆಮರದ ಪೊಟರೆಯಲ್ಲಿಟ್ಟು ಬರುತ್ತಾನೆ. ಆಮೇಲೆ ಮತ್ತೆ ಹತ್ತಿ, ಹಲ್ಲಿ ನುಸುಳಿದ ಸಂದನ್ನು ಹುಡುಕಿ, ತಿರುಪನ್ನು ಬಿಗಿಯುತ್ತಾನೆ.